ಬನಶಂಕರಿ ಜಾತ್ರೆಯ ಹಾಸ್ಯ ನಾಟಕಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಬಗೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬಳಿ ನಡೆಯುವ ಬನಶಂಕರಿ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಯ ರಥೋತ್ಸವದೊಂದಿಗೆ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಆ ತಿಂಗಳಲ್ಲಿ ನಾಡಿನ ವೃತ್ತಿ ನಾಟಕ ಕಂಪನಿಗಳು ಇಲ್ಲಿ ಒಂದರ ಮಗ್ಗುಲಲ್ಲಿ ಒಂದು ತಗಡಿನ ಥಿಯೇಟರುಗಳನ್ನು ಕಟ್ಟಿಕೊಂಡು, ಹಾಡು, ಕುಣಿತ ಮತ್ತು ನಗೆಯೇ ಮುಖ್ಯವಾದ ಸಾಮಾಜಿಕ ನಾಟಕಗಳನ್ನು ಪ್ರತಿದಿನ ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಆಡುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ ಭಾಗದ ಎಷ್ಟೋ ಮನೆಗಳಲ್ಲಿ ಜಾತ್ರೆಗೆ ಹೋಗುವುದೆಂದರೆ ದೇವಿಯ ದರ್ಶನದ ಜೊತೆಗೆ ಒಂದು ನಾಟಕವನ್ನೂ ನೋಡಿ ಬರುವುದು ಎಂದೇ ಲೆಕ್ಕ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಟ್ಟಿಗೆ ಕುಳಿತು ನಕ್ಕು ಬರಬೇಕಾದರೆ ಯಾವ ನಾಟಕ ಎಂಬುದಕ್ಕಿಂತ ಯಾವ ದಿನ, ಯಾವ ಹೊತ್ತಿನ ಆಟ ಮತ್ತು ಯಾವ ಜಾಗದ ಕುರ್ಚಿ ಎಂಬುದೇ ಹೆಚ್ಚು ಮುಖ್ಯ.

ಮೊದಲು ದಿನದ ಮಾತು. ಬನದ ಹುಣ್ಣಿಮೆ ಎಂದು ಕರೆಯುವ ಈ ಹುಣ್ಣಿಮೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಹುಣ್ಣಿಮೆಯ ಹಿಂದಿನ ದಿನ ಶಾಕಾಂಬರಿಯಾದ ದೇವಿಗೆ 108 ಬಗೆಯ ತರಕಾರಿ ಪಲ್ಯಗಳ ನೈವೇದ್ಯ ಸಲ್ಲಿಸುವ ಪಲ್ಯೇದ ಹಬ್ಬ, ಮರುದಿನ ತೇರು. ಈ ಎರಡು ದಿನ ಮತ್ತು ಅವುಗಳ ಆಚೀಚಿನ ಒಂದೆರಡು ದಿನಗಳಲ್ಲಿ ದರ್ಶನಕ್ಕಾಗಿ ಹೋಗುವುದಾದರೆ ಹೋಗಬೇಕೇ ಹೊರತು ಮಕ್ಕಳು ಮುದುಕರನ್ನು ಕಟ್ಟಿಕೊಂಡು ನಾಟಕಕ್ಕಾಗಿ ಹೋಗುವುದು ಜಾಣತನವಲ್ಲ. ಟಿಕೆಟ್ ಕಿಟಕಿಯ ಮುಂದಿನ ನೂಕುನುಗ್ಗಲಿನಲ್ಲಿಯೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ತೇರು ಎಳೆದ ಒಂದು ವಾರದ ನಂತರ, ಅದರಲ್ಲಿಯೂ ದೇವಿಯ ವಾರಗಳಾದ ಮಂಗಳವಾರ ಶುಕ್ರವಾರಗಳನ್ನು ಮತ್ತು ಭಾನುವಾರವನ್ನು ಬಿಟ್ಟು, ಬುಧವಾರವೋ ಗುರುವಾರವೋ ಹೋದರೆ ಒಳ್ಳೆಯ ಕುರ್ಚಿ ಸಿಗುತ್ತದೆ, ಕಲಾವಿದರಿಗೂ ಅವಸರವಿರುವುದಿಲ್ಲ. ಹಾಗೆಂದು ತೀರ ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು. ಆ ಹೊತ್ತಿಗೆ ತಿಂಗಳಿಡೀ ಮಾತನಾಡಿದ ನಟರ ಗಂಟಲು ಒಡೆದಿರುತ್ತದೆ, ಕೆಲವು ಕಂಪನಿಗಳು ಮುಂದಿನ ಊರಿನ ಕ್ಯಾಂಪಿಗೆ ಸಾಮಾನು ಕಟ್ಟಲು ತೊಡಗಿರುತ್ತವೆ.

ಯಾವ ಹೊತ್ತಿನ ಆಟ

ಜನ ಹೆಚ್ಚಿರುವ ದಿನಗಳಲ್ಲಿ ಒಂದೇ ಕಂಪನಿ ಒಂದೇ ನಾಟಕವನ್ನು ಸಂಜೆ, ರಾತ್ರಿ ಮತ್ತು ನಡುರಾತ್ರಿ ಹೀಗೆ ಎರಡು ಮೂರು ಸಲ ಆಡುತ್ತದೆ. ಹೆಸರು ಒಂದೇ, ಕಥೆ ಒಂದೇ, ಬಣ್ಣ ಹಚ್ಚಿದವರೂ ಅವರೇ. ಆದರೆ ನೋಡುವವರಿಗೆ ಸಿಗುವ ನಾಟಕ ಒಂದೇ ಆಗಿರುವುದಿಲ್ಲ. ಕಂಪನಿ ನಾಟಕದಲ್ಲಿ ಗಂಭೀರ ಕಥೆಯ ಮಾತುಗಳು ಬರೆದಿಟ್ಟಂತೆ ನಡೆಯುತ್ತವೆ, ಹಾಸ್ಯದ ದೃಶ್ಯಗಳು ಮಾತ್ರ ಬಹುಮಟ್ಟಿಗೆ ಹಾಸ್ಯ ಪಾತ್ರಧಾರಿಯ ನಾಲಿಗೆಯ ಮೇಲೆಯೇ ಹುಟ್ಟಿ ಅಲ್ಲಿಯೇ ಬೆಳೆಯುತ್ತವೆ. ಅನುಭವವುಳ್ಳ ಹಾಸ್ಯನಟ ರಂಗಕ್ಕೆ ಬಂದ ಕೂಡಲೇ ಮೊದಲು ಮಾಡುವ ಕೆಲಸವೆಂದರೆ ಮುಂದಿನ ಸಾಲುಗಳಲ್ಲಿ ಯಾರು ಕುಳಿತಿದ್ದಾರೆ ಎಂದು ನೋಡುವುದು. ತಲೆಯ ಮೇಲೆ ಸೆರಗು ಹೊದ್ದ ಹಿರಿಯ ಹೆಣ್ಣುಮಕ್ಕಳು, ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡ ತಾಯಂದಿರು ಕಂಡರೆ ಅವನ ಹಾಸ್ಯ ಅತ್ತೆ ಸೊಸೆಯ ಜಗಳಕ್ಕೆ, ಕಿವುಡ ಮಾವನ ಗೊಂದಲಕ್ಕೆ, ಹೊಸ ಮೊಬೈಲು ಹಿಡಿದ ಗೌಡರ ಪಜೀತಿಗೆ ಹೊರಳುತ್ತದೆ. ಅದೇ ನಟ ನಡುರಾತ್ರಿಯ ಆಟದಲ್ಲಿ, ಸಿಳ್ಳೆ ಹೊಡೆಯುವ ಹುಡುಗರೇ ತುಂಬಿದ ಸಭೆಯ ಮುಂದೆ, ಡಬಲ್ ಮೀನಿಂಗಿನ ಮಾತುಗಳನ್ನು ಲಂಗುಲಗಾಮಿಲ್ಲದೆ ಬಿಡುತ್ತಾನೆ.

ಕಂಪನಿ ನಾಟಕಗಳು ಕೆಟ್ಟುಹೋದವು, ಮನೆಯವರನ್ನು ಕರೆದುಕೊಂಡು ಹೋಗುವಂತಿಲ್ಲ ಎಂಬ ದೂರು ಹಲವು ವರ್ಷಗಳಿಂದ ಕೇಳಿಬರುತ್ತಿದೆ, ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಸಿನಿಮಾ, ಟಿವಿ, ಮೊಬೈಲುಗಳ ನಡುವೆ ಟಿಕೆಟ್ ಮಾರಿಯೇ ಹತ್ತಾರು ಕುಟುಂಬಗಳ ಹೊಟ್ಟೆ ಹೊರೆಯಬೇಕಾದ ಕಂಪನಿಗಳು ಅಗ್ಗದ ನಗೆಯ ಆಸರೆ ಹಿಡಿದದ್ದು ನಿಜ. ಆದರೆ ಹಾಗೆ ದೂರುವವರಲ್ಲಿ ಬಹಳ ಮಂದಿ ರಾತ್ರಿಯ ಎರಡನೆಯ ಆಟವನ್ನೋ ಮೂರನೆಯದನ್ನೋ ನೋಡಿ ಬಂದವರು ಎಂಬುದನ್ನೂ ಮರೆಯಬಾರದು. ಮನೆಮಂದಿಯೊಂದಿಗೆ ಹೋಗುವವರಿಗೆ ಸಂಜೆಯ ಮೊದಲನೆಯ ಆಟವೇ ತಕ್ಕದ್ದು. ಅದಕ್ಕೆ ಮತ್ತೊಂದು ಕಾರಣವೂ ಇದೆ: ಹಿಂದೆಯೇ ಇನ್ನೊಂದು ಆಟ ಕಾದಿರುವುದರಿಂದ ಮೊದಲ ಆಟವನ್ನು ಅನಗತ್ಯವಾಗಿ ಎಳೆಯುವಂತಿಲ್ಲ. ಮಗು ನಿದ್ದೆಗೆ ಜಾರುವ ಮೊದಲು, ಅಜ್ಜನ ಸೊಂಟ ಹಿಡಿದುಕೊಳ್ಳುವ ಮೊದಲು ನಾಟಕ ಮುಗಿಯುತ್ತದೆ.

ನಾಟಕದ ಹೆಸರನ್ನು ನೋಡಿ ಹೆದರಬೇಕಾಗಿಲ್ಲ, ಮರುಳಾಗಬೇಕಾಗಿಯೂ ಇಲ್ಲ. ರಸ್ತೆಯ ಇಕ್ಕೆಲಗಳಲ್ಲಿ ತೂಗುಹಾಕಿದ ಫ್ಲೆಕ್ಸುಗಳ ಮೇಲೆ ಗಂಡ, ಹೆಂಡತಿ, ಮೈದುನ, ನಾದಿನಿ ಎಂಬ ಶಬ್ದಗಳನ್ನು ಪ್ರಾಸಕ್ಕೆ ಜೋಡಿಸಿದ ಹೆಸರುಗಳು ಎಷ್ಟು ಪೋಲಿಯಾಗಿ ಕಂಡರೂ ಒಳಗೆ ನಡೆಯುವ ಕಥೆ ತಂದೆ ತಾಯಿಯನ್ನು ಮನೆಯಿಂದ ಹೊರಹಾಕಿದ ಮಗನ ಪಶ್ಚಾತ್ತಾಪದ್ದೋ, ಅಣ್ಣ ತಮ್ಮಂದಿರ ಪಾಲಿನ ವ್ಯಾಜ್ಯದ್ದೋ, ಕುಡಿತದಿಂದ ಹಾಳಾದ ಸಂಸಾರದ್ದೋ ಆಗಿರುವುದು ಸಾಮಾನ್ಯ. ಹೆಸರು ಜನರನ್ನು ಬಾಗಿಲಿಗೆ ತರುವುದಕ್ಕೆ, ಕಥೆ ಹೆಣ್ಣುಮಕ್ಕಳ ಕಣ್ಣಲ್ಲಿ ನೀರು ತರುವುದಕ್ಕೆ ಎಂಬುದು ಕಂಪನಿಗಳ ಹಳೆಯ ಲೆಕ್ಕಾಚಾರ. ಫ್ಲೆಕ್ಸಿಗಿಂತ ಹ್ಯಾಂಡ್‌ಬಿಲ್ಲನ್ನು ಓದುವುದು ಮೇಲು. ಅದರಲ್ಲಿ ಹಾಸ್ಯ ಪಾತ್ರಧಾರಿಗಳ ಹೆಸರುಗಳನ್ನು ನಾಯಕ ನಾಯಕಿಯರಿಗಿಂತ ಮೇಲೆ, ಫೋಟೋ ಸಮೇತ ಹಾಕಿದ್ದರೆ ಆ ನಾಟಕ ನಗೆಯ ಮೇಲೆಯೇ ನಿಂತಿದೆ ಎಂದು ತಿಳಿಯಬಹುದು. ನೃತ್ಯ ಕಲಾವಿದೆಯರ ಫೋಟೋಗಳೇ ಅರ್ಧ ಕಾಗದವನ್ನು ತುಂಬಿದ್ದರೆ ಸಿನಿಮಾ ಹಾಡಿನ ಕುಣಿತ ಹೆಚ್ಚಿಗೆ ಇದೆ ಎಂದು ಅರ್ಥ.

ಇವೆಲ್ಲಕ್ಕಿಂತ ನಂಬಬಹುದಾದ ದಾರಿಯೆಂದರೆ ಬಾಯಿಬಿಟ್ಟು ಕೇಳುವುದು. ಮಧ್ಯಾಹ್ನವೇ ಜಾತ್ರೆಗೆ ತಲುಪಿದವರು ಥಿಯೇಟರಿನ ಗೇಟಿನ ಬಳಿ ಕುಳಿತ ಮ್ಯಾನೇಜರನನ್ನೋ ಗೇಟ್‌ಕೀಪರನನ್ನೋ ಕಂಡು, “ಅಣ್ಣಾರ, ಅವ್ವ ಅದಾಳ, ಹುಡುಗೂರು ಅದಾವ, ಸಂಜಿ ಆಟಕ್ಕ ಬಂದ್ರ ಕೂತು ನೋಡೂಹಂಗ ಐತೇನ್ರಿ?” ಎಂದು ಕೇಳಿದರೆ ಸಾಕು. “ಮೊದಲ್ನೇ ಆಟಕ್ಕ ಬರ್ರಿ, ಮುಂದ ಕುಂದರಸ್ತೀನಿ, ರಾತ್ರಿ ಆಟ ಬ್ಯಾಡ” ಎಂದು ನೇರವಾಗಿ ಹೇಳುವವರೇ ಹೆಚ್ಚು, ಏಕೆಂದರೆ ಒಂದು ಕುಟುಂಬ ಮುಖ ಸಿಂಡರಿಸಿಕೊಂಡು ನಡುವೆಯೇ ಎದ್ದುಹೋದರೆ ಆ ಸುದ್ದಿ ಜಾತ್ರೆಯಲ್ಲಿ ಹರಡುವುದು ಕಂಪನಿಗೂ ಬೇಕಾಗಿರುವುದಿಲ್ಲ. ಹಿಂದಿನ ರಾತ್ರಿ ನಾಟಕ ನೋಡಿದ ಚಹಾದಂಗಡಿಯವನೂ ಈ ವಿಷಯದಲ್ಲಿ ಒಳ್ಳೆಯ ವಿಮರ್ಶಕನೇ.

ಕುರ್ಚಿಯ ಆಯ್ಕೆ

ತಗಡಿನ ಥಿಯೇಟರಿನ ಒಳಗೆ ಮುಂದೆ ಹೆಚ್ಚಿನ ದರದ ಕುರ್ಚಿಗಳು, ಹಿಂದೆ ಕಡಿಮೆ ದರದ ಕುರ್ಚಿಗಳು, ಅದಕ್ಕೂ ಹಿಂದೆ ಗ್ಯಾಲರಿ ಎಂಬ ವ್ಯವಸ್ಥೆ ಇರುತ್ತದೆ. ಮನೆಮಂದಿಯೊಂದಿಗೆ ಬಂದಾಗ ಗ್ಯಾಲರಿಯ ಕಡೆ ಮುಖ ಮಾಡಬಾರದು. ಸಿಳ್ಳೆ, ಕೂಗು, ಗುಟಕಾ ಎಲ್ಲವೂ ಅಲ್ಲಿಯೇ. ಆದರೆ ದುಡ್ಡು ಹೆಚ್ಚು ಕೊಟ್ಟೆವೆಂದು ಮೊದಲ ಸಾಲಿಗೆ ಹೋಗಿ ಕೂರುವುದೂ ಸರಿಯಲ್ಲ. ರಂಗದ ಎರಡೂ ಬದಿಗೆ ನಿಲ್ಲಿಸಿದ ಆಳೆತ್ತರದ ಸ್ಪೀಕರುಗಳು ಮೊದಲ ಎರಡು ಮೂರು ಸಾಲುಗಳ ಕಿವಿಗೆ ನೇರವಾಗಿ ಬಡಿಯುತ್ತವೆ. ಎಳೆ ಮಕ್ಕಳು ಮೊದಲ ಹಾಡಿಗೇ ಬೆದರಿ ಅಳಲು ಶುರುಮಾಡುತ್ತವೆ. ಅಲ್ಲದೆ ರಂಗದ ನೆಲ ಎತ್ತರವಿರುವುದರಿಂದ ಹತ್ತಿರ ಕುಳಿತವರು ನಾಟಕ ಮುಗಿಯುವವರೆಗೆ ಕತ್ತು ಮೇಲೆತ್ತಿಕೊಂಡೇ ಇರಬೇಕು. ನಾಲ್ಕನೆಯ ಸಾಲಿನಿಂದ ಎಂಟನೆಯ ಸಾಲಿನೊಳಗೆ, ನಡುವಿನ ಓಣಿಗೆ ಹತ್ತಿಕೊಂಡ ಕುರ್ಚಿಗಳು ಉತ್ತಮ. ಓಣಿಯ ಅಂಚಿಗೆ ಹಿರಿಯರನ್ನು ಕೂರಿಸಿದರೆ ಅವರು ಏಳಬೇಕಾದಾಗ ಹತ್ತು ಜನರ ಮೊಣಕಾಲು ದಾಟುವ ಸಂಕಟವಿರುವುದಿಲ್ಲ.

ತಗಡಿನ ಗೋಡೆಗೆ ಆತುಕೊಂಡ ಸಾಲಿನ ಕೊನೆಯ ಕುರ್ಚಿಗಳನ್ನು ಎಷ್ಟೇ ಖಾಲಿಯಿದ್ದರೂ ಬಿಟ್ಟುಬಿಡಬೇಕು. ತಗಡುಗಳ ಸಂದಿನಿಂದ ಥಂಡಿ ಗಾಳಿ ನುಗ್ಗುವುದು ಒಂದು ಕಾರಣವಾದರೆ, ಮಗ್ಗುಲಿನ ಕಂಪನಿಯ ಧ್ವನಿವರ್ಧಕ ಇನ್ನೊಂದು. ಇಲ್ಲಿ ತಾಯಿ ಮಗನನ್ನು ತಬ್ಬಿಕೊಂಡು ಬಿಕ್ಕುತ್ತಿರುವಾಗ ಗೋಡೆಯ ಆಚೆ ಬದಿಯಿಂದ ಬೇರೊಂದು ನಾಟಕದ ಹಾಸ್ಯನಟ ಕಪಾಳಕ್ಕೆ ಏಟು ತಿಂದ ಸದ್ದು, ಅದರ ಹಿಂದೆ ಸಾವಿರ ಜನರ ನಗೆ ತೂರಿ ಬರುತ್ತದೆ. ಕಂಬಗಳನ್ನೂ ಗಮನಿಸಬೇಕು, ಚಾವಣಿ ಹೊತ್ತ ಒಂದು ಕಂಬ ಸರಿಯಾಗಿ ಕಣ್ಣೆದುರಿಗೆ ಬಂದರೆ ನಾಯಕಿ ಇಡೀ ರಾತ್ರಿ ಅರ್ಧವೇ ಕಾಣುತ್ತಾಳೆ.

ಮಕ್ಕಳಿಗೆ ಒಂದು ವಿಶೇಷ ಜಾಗವಿದೆ. ವಾದ್ಯದವರು ರಂಗದ ಮುಂದೆ ಒಂದು ಬದಿಗೆ ಕುಳಿತಿರುತ್ತಾರೆ. ಅವರ ಕೈಗಳು ಕಾಣುವಂತೆ ಮಕ್ಕಳನ್ನು ಕೂರಿಸಿದರೆ ಅವರಿಗೆ ಎರಡು ನಾಟಕಗಳು ಸಿಕ್ಕಂತಾಗುತ್ತದೆ. ಹಾರ್ಮೋನಿಯಂ ಮಾಸ್ತರರ ಕಣ್ಣು ಪಟ್ಟಿಗಳ ಮೇಲಿರುವುದಿಲ್ಲ, ಹಾಸ್ಯನಟನ ಮುಖದ ಮೇಲಿರುತ್ತದೆ. ರಿದಂ ಪ್ಯಾಡಿನವನು ಕೋಲನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿರುತ್ತಾನೆ. ನಟ ಕಾಲು ಜಾರುವ ಅದೇ ಕ್ಷಣಕ್ಕೆ ಏಟು ಬೀಳಬೇಕು, ಒಂದು ಉಸಿರು ತಡವಾದರೂ ನಗೆ ಸತ್ತುಹೋಗುತ್ತದೆ. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಹತ್ತು ಹನ್ನೆರಡು ವರ್ಷದ ಹುಡುಗರು ಮೊಬೈಲನ್ನು ಮರೆತು ಅಲ್ಲಿಯೇ ನೋಡುತ್ತ ಕೂರುತ್ತಾರೆ.

ಹೊರಡುವ ಮೊದಲು ಮಕ್ಕಳಿಗೆ ಹೇಳಬೇಕಾದದ್ದು

ಸಿನಿಮಾವನ್ನಷ್ಟೇ ನೋಡಿ ಬೆಳೆದ ಮಕ್ಕಳಿಗೆ ಕಂಪನಿ ನಾಟಕದ ನಡೆ ಮೊದಲಿಗೆ ಗಲಿಬಿಲಿ ಮಾಡುತ್ತದೆ. ಗಂಟೆ ಬಾರಿಸುತ್ತದೆ, ನಾಟಕ ಶುರುವಾಗುವುದಿಲ್ಲ. ಮತ್ತೆ ಬಾರಿಸುತ್ತದೆ, ಆಗಲೂ ಇಲ್ಲ. ಮೂರನೆಯ ಗಂಟೆಯಾದ ಮೇಲೆ ಪರದೆಯ ಹಿಂದಿನಿಂದ ಕರ್ಪೂರ ಮತ್ತು ಊದುಬತ್ತಿಯ ವಾಸನೆ ಬಂದು, ನಾಂದಿ ಹಾಡಿನೊಂದಿಗೆ ಪರದೆ ಏಳುತ್ತದೆ. ಆ ನಂತರ ಎರಡು ಕಥೆಗಳು ಒಂದರ ಬೆನ್ನಿಗೆ ಒಂದು ಸಾಗುತ್ತವೆ. ದೊಡ್ಡಮನೆಯ ಯಜಮಾನನ ದುಃಖದ ದೃಶ್ಯ ಮುಗಿದ ಕೂಡಲೇ ಬೀದಿಯ ಚಿತ್ರವಿರುವ ಮುಂದಿನ ಪರದೆ ಇಳಿದು, ಅದರ ಮುಂದೆ ಆ ಮನೆಯ ಆಳು ಮತ್ತು ಅವನ ಜೋಡಿ ಬಂದು ಹಾಸ್ಯ ಮಾಡುತ್ತಾರೆ. ಅದರ ಹಿಂದೆ ಮುಂದಿನ ದೃಶ್ಯದ ಮಂಚ, ಕುರ್ಚಿ, ಕಟ್ಟೆಗಳನ್ನು ಹುಡುಗರು ಸದ್ದಾಗದಂತೆ ಹೊಂದಿಸುತ್ತಿರುತ್ತಾರೆ. ಸಾಮಾನು ಹೊಂದುವುದು ತಡವಾದರೆ ಹಾಸ್ಯವೂ ಉದ್ದವಾಗುತ್ತದೆ ಎಂಬ ಗುಟ್ಟನ್ನು ತಿಳಿಸಿದರೆ ಮಕ್ಕಳು ಆ ಪರದೆ ಅಲುಗುವುದನ್ನು ಹುಡುಕಲು ತೊಡಗುತ್ತಾರೆ.

ಹಾಡುಗಳ ಬಗ್ಗೆಯೂ ಎರಡು ಮಾತು ಹೇಳಿರಬೇಕು, ಏಕೆಂದರೆ ಮನೆಯ ಹಿರಿಯರಿಗೂ ಕಿರಿಯರಿಗೂ ವಾದ ಹತ್ತುವುದು ಇಲ್ಲಿಯೇ. ಈ ಭಾಗದ ರಂಗಭೂಮಿ ಹಾಡುವ ನಟರದಾಗಿತ್ತು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಹೊಸ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೀಳಗಿಯ ಸಹೋದರಿಯರಾದ ಅಮೀರಬಾಯಿ ಮತ್ತು ಗೋಹರಬಾಯಿ ಕಂಪನಿಗಳ ರಂಗದಿಂದಲೇ ಹೆಸರಾದವರು. ಅಮೀರಬಾಯಿ ಮುಂದೆ ಹಿಂದಿ ಸಿನಿಮಾದ ಹಿನ್ನೆಲೆ ಗಾಯಕಿಯಾದರೆ, ಗೋಹರಬಾಯಿ ಮರಾಠಿ ರಂಗಭೂಮಿಯ ಹೆಸರಾಂತ ಗಾಯಕ ನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿದರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು ಬಾಲನಟರಾಗಿ ಬಣ್ಣ ಹಚ್ಚಿ, ಸ್ತ್ರೀ ಪಾತ್ರಗಳನ್ನು ಮಾಡಿ, ಸ್ವಂತ ಕಂಪನಿ ಕಟ್ಟಿ, ತಮ್ಮ ಪಾತ್ರದ ಹಾಡುಗಳನ್ನು ತಾವೇ ಹಾಡುತ್ತಿದ್ದರು. ಅಂಥ ಹಾಡುಗಾರಿಕೆಯನ್ನು ಕೇಳಿದ ಅಜ್ಜ ಅಜ್ಜಿಯರಿಗೆ ಇಂದಿನ ಕಂಪನಿಗಳಲ್ಲಿ ಸಿನಿಮಾ ಹಾಡಿನ ಟ್ರ್ಯಾಕು ಹಾಕಿ ಕುಣಿಯುವುದು ರುಚಿಸುವುದಿಲ್ಲ, ಮೊಮ್ಮಕ್ಕಳು ಕುರ್ಚಿ ಬಿಟ್ಟು ಏಳುವುದೇ ಆ ಹಾಡುಗಳಿಗೆ. ಇಬ್ಬರಿಗೂ ಒಪ್ಪುವ ಹಾಡು ಒಂದಾದರೂ ಪ್ರತಿ ನಾಟಕದಲ್ಲಿ ಇರುತ್ತದೆ, ಅದು ಸಾಮಾನ್ಯವಾಗಿ ಹಾಸ್ಯದ ಜೋಡಿ ಹಾಡುವ ಜವಾರಿ ಧಾಟಿಯ ಜಗಳದ ಹಾಡು. ಗಂಡು ಒಂದು ನುಡಿ, ಹೆಣ್ಣು ಅದಕ್ಕೆ ಎದುರು ನುಡಿ. ಅದಕ್ಕಾಗಿ ಕಾಯುವಂತೆ ಹಿರಿಯರಿಗೆ ಹೇಳಿಡಬೇಕು.

ಮೊದಲ ಆಟವನ್ನೇ ಆರಿಸಿಕೊಂಡರೂ ಒಂದೆರಡು ಮಾತುಗಳು ಗೆರೆ ದಾಟಿಯೇ ದಾಟುತ್ತವೆ. ಆಗ ತಾಯಂದಿರು ಗಾಬರಿಯಾಗಿ ಮಗುವಿನ ಕಿವಿ ಮುಚ್ಚಿದರೆ, ಅರ್ಥವಾಗದೇ ಹೋಗುತ್ತಿದ್ದ ಮಾತಿಗೆ ಇಲ್ಲದ ಮಹತ್ವ ಬರುತ್ತದೆ. ಚಿಕ್ಕ ಮಕ್ಕಳು ನಗುವುದು ಮಾತಿಗಲ್ಲ, ಪಂಚೆ ಬಿಚ್ಚಿಹೋದ ಗೌಡನ ಓಟಕ್ಕೆ. ಅವರ ಪಾಡಿಗೆ ಅವರು ನಗಲಿ. ಸ್ವಲ್ಪ ದೊಡ್ಡವರು ಮನೆಗೆ ಬಂದ ಮೇಲೆ ಕೇಳಿದರೆ, ಅದು ಹಾಸ್ಯಕ್ಕೆ ಆಡಿದ ಒರಟು ಮಾತು, ನಮ್ಮ ಮನೆಯಲ್ಲಿ ಹಾಗೆ ಆಡುವುದಿಲ್ಲ ಎಂದು ಹೇಳಿದರೆ ಸಾಕು. ಆದರೆ ನಗೆಯ ಹೆಸರಿನಲ್ಲಿ ಒಂದು ಜಾತಿಯವರನ್ನೋ, ಅಂಗವಿಕಲರನ್ನೋ, ಕಪ್ಪು ಬಣ್ಣದ ಹೆಣ್ಣುಮಗಳನ್ನೋ ಹೀಯಾಳಿಸುವ ದೃಶ್ಯ ಬಂದರೆ ಅದರ ಬಗ್ಗೆ ಮಕ್ಕಳೊಂದಿಗೆ ಮಾತನಾಡದೆ ಬಿಡಬಾರದು. ನನ್ನ ಮಟ್ಟಿಗೆ ಡಬಲ್ ಮೀನಿಂಗಿಗಿಂತ ಇದೇ ಹೆಚ್ಚು ಹಾನಿಯದು, ಅದನ್ನು ಯಾರೂ ದೂರುವುದಿಲ್ಲ.

ಊಟ, ಚಳಿ ಮತ್ತು ಉಳಿದ ವ್ಯವಸ್ಥೆ

ನಾಟಕದ ಮುಂಚಿನ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಅಗತ್ಯವಿಲ್ಲ. ಗುಡಿಯ ಆವರಣದ ಬಳಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿಯಾದ ಕೆಂಪಿಂಡಿ ಮತ್ತು ಗಟ್ಟಿ ಮೊಸರು ಇಟ್ಟುಕೊಂಡು ಕುಳಿತಿರುತ್ತಾರೆ. ನೆಲಕ್ಕೆ ಕುಳಿತು ಅಲ್ಲಿಯೇ ಉಣ್ಣಬಹುದು. ಕೆಂಪಿಂಡಿಯನ್ನು ಮಕ್ಕಳಿಗೆ ಹಾಕಿಸುವ ಮೊದಲು ಮೊಸರನ್ನು ಹಾಕಿಸಬೇಕು. ಮಿರ್ಚಿ ಭಜಿ, ಗಿರಮಿಟ್ಟುಗಳನ್ನು ನಾಟಕ ಮುಗಿದ ಮೇಲೆ ತಿನ್ನುವುದೇ ಲೇಸು, ಏಕೆಂದರೆ ಎಣ್ಣೆಯದನ್ನು ತಿಂದು ನೀರು ಕುಡಿದರೆ ನಾಟಕದ ನಡುವೆ ಎದ್ದು ಹೊರಗೆ ಹೋಗಬೇಕಾಗುತ್ತದೆ, ಜಾತ್ರೆಯ ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಅದು ಸುಲಭವಲ್ಲ. ಥಿಯೇಟರಿನ ಒಳಗೆ ಹೋಗುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು, ಎಲ್ಲರೂ ಒಮ್ಮೆ ಹೋಗಿ ಬಂದು ಕೂರುವುದನ್ನು ನಿಯಮವನ್ನಾಗಿ ಮಾಡಿಕೊಳ್ಳಬೇಕು.

ಜನವರಿಯ ರಾತ್ರಿ ಬಯಲುಸೀಮೆಯ ಚಳಿ ಹಗಲಿನ ಬಿಸಿಲನ್ನು ನೋಡಿ ಅಂದಾಜಿಗೆ ಸಿಗುವುದಿಲ್ಲ. ಮಧ್ಯಾಹ್ನ ಬೆವರುತ್ತಿದ್ದವರು ರಾತ್ರಿ ಹತ್ತರ ಹೊತ್ತಿಗೆ ನಡುಗುತ್ತಾರೆ, ತಗಡಿನ ಚಾವಣಿಯಂತೂ ಥಂಡಿಯನ್ನು ಮೇಲಿನಿಂದ ಸುರಿಯುತ್ತದೆ. ಹಿರಿಯರಿಗೆ ಶಾಲು ಮತ್ತು ಮಫ್ಲರು, ಮಕ್ಕಳಿಗೆ ಸ್ವೆಟರು, ಎಲ್ಲರಿಗೂ ಸೇರಿ ಒಂದು ಕೌದಿ ಇದ್ದರೆ ಸಾಕು. ಕೌದಿಯನ್ನು ಮಡಚಿ ಕಬ್ಬಿಣದ ಕುರ್ಚಿಯ ಮೇಲೆ ಹಾಸಿದರೆ ಅಜ್ಜಿಯ ಸೊಂಟಕ್ಕೂ ಆಸರೆ, ಮಗು ಮಲಗಿದರೆ ಹೊದಿಕೆಯೂ ಅದೇ. ಕಿವಿಗೆ ಇಟ್ಟುಕೊಳ್ಳಲು ಒಂದಿಷ್ಟು ಹತ್ತಿ ಜೇಬಿನಲ್ಲಿರಲಿ. ದುಡ್ಡಿನ ವಿಷಯದಲ್ಲಿ ಫೋನ್‌ಪೇ ಒಂದನ್ನೇ ನೆಚ್ಚಿಕೊಳ್ಳಬಾರದು. ಲಕ್ಷಾಂತರ ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಅದೇ ಕಾರಣಕ್ಕೆ ಮಕ್ಕಳು ತಪ್ಪಿಸಿಕೊಂಡರೆ ಫೋನಿನಿಂದಲೂ ಪ್ರಯೋಜನವಾಗದು. ಗುಡಿಯ ಎದುರಿನ ಹರಿದ್ರಾ ತೀರ್ಥ ಎಂಬ ದೊಡ್ಡ ಹೊಂಡ ಯಾರನ್ನು ಕೇಳಿದರೂ ತೋರಿಸುವ ಜಾಗವಾದ್ದರಿಂದ, ಅದರ ಬಳಿಯ ಒಂದು ನಿರ್ದಿಷ್ಟ ಕಂಬವನ್ನೋ ಅಂಗಡಿಯನ್ನೋ ಗುರುತು ಮಾಡಿ, ತಪ್ಪಿಸಿಕೊಂಡವರು ಅಲ್ಲಿಗೇ ಬಂದು ನಿಲ್ಲಬೇಕೆಂದು ಹಗಲಿನಲ್ಲಿಯೇ ಎಲ್ಲರಿಗೂ ತೋರಿಸಿಡಬೇಕು. ನೀರಿನ ಅಂಚಿಗೆ ಮಾತ್ರ ಹೋಗಬಾರದೆಂದು ಚಿಕ್ಕವರಿಗೆ ಕಟ್ಟುನಿಟ್ಟಾಗಿ ಹೇಳಿರಬೇಕು.

ಹೋಗುವುದು ಸುಲಭ, ಮರಳುವುದರ ಬಗ್ಗೆಯೇ ಮುಂಚಿತವಾಗಿ ಯೋಚಿಸಬೇಕು. ವಿಜಯಪುರ ಮತ್ತು ಬಾಗಲಕೋಟೆಯ ಕಡೆಯವರಿಗೆ ಗದಗ ಮಾರ್ಗದ ರೈಲುಗಳಿವೆ, ಆದರೆ ಬಾದಾಮಿಯ ರೈಲು ನಿಲ್ದಾಣ ಊರಿನಿಂದಲೇ ನಾಲ್ಕೈದು ಕಿಲೋಮೀಟರ್ ಹೊರಗಿದೆ ಎಂಬುದು ನೆನಪಿರಬೇಕು. ಬೆಳಗಾವಿಯವರಿಗೆ ಬಸ್ಸೇ ಅನುಕೂಲ. ಜಾತ್ರೆಯ ದಿನಗಳಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹೆಚ್ಚುವರಿ ಬಸ್ಸುಗಳನ್ನು ಬಿಡುತ್ತದೆ. ರಾಜ್ಯದಲ್ಲಿ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದ್ದರಿಂದ ಮನೆಯ ಹೆಣ್ಣುಮಕ್ಕಳೆಲ್ಲರ ಆಧಾರ್ ಕಾರ್ಡುಗಳು ಒಂದೇ ಚೀಲದಲ್ಲಿರಲಿ. ಹೀಗೆ ಉಳಿದ ದುಡ್ಡಿನಲ್ಲಿ ಗ್ಯಾಲರಿಯ ಬದಲು ಕುರ್ಚಿಯ ಟಿಕೆಟ್ ಕೊಳ್ಳಬಹುದು. ಇಳಿಯುವಾಗಲೇ ಕಂಡಕ್ಟರರನ್ನು ಕೇಳಿ ಕೊನೆಯ ಬಸ್ಸಿನ ಹೊತ್ತನ್ನು ತಿಳಿದುಕೊಳ್ಳಬೇಕು. ನೂರಾರು ಕಿಲೋಮೀಟರ್ ದೂರದಿಂದ ಬಂದವರು ಆ ರಾತ್ರಿಯೇ ಮರಳುವ ಹಟ ಹಿಡಿಯದೆ ಬಾದಾಮಿಯಲ್ಲಿ ಮುಂಚಿತವಾಗಿ ಕೋಣೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮರುದಿನ ಬೆಳಿಗ್ಗೆ ಮಕ್ಕಳಿಗೆ ಗುಹಾಲಯಗಳನ್ನೂ ತೋರಿಸಿದಂತಾಗುತ್ತದೆ.

ಆಟ ನಡೆಯುವಾಗ ಫೋನಿನಲ್ಲಿ ವಿಡಿಯೋ ಮಾಡಬಾರದು. ಒಂದು ಹಾಸ್ಯದ ದೃಶ್ಯ ಮೊಬೈಲಿನಲ್ಲಿ ಹರಿದಾಡಿದರೆ ಮುಂದಿನ ಊರಿನಲ್ಲಿ ಅದಕ್ಕೆ ನಗುವವರಿರುವುದಿಲ್ಲ, ಕಂಪನಿಯ ಗಳಿಕೆಯೇ ಆ ನಗು. ಹಾಡು ಮೆಚ್ಚಿಗೆಯಾದರೆ ಒನ್ಸ್ ಮೋರ್ ಎಂದು ಕೂಗಬಹುದು, ಅದು ಇಲ್ಲಿ ಹಳೆಯ ಮರ್ಯಾದೆಯೇ. ಮೆಚ್ಚುಗೆಯ ಹಣ ಕೊಡುವ ಮನಸ್ಸಾದರೆ ನಡುವೆ ರಂಗಕ್ಕೆ ಹತ್ತಿ ದೃಶ್ಯ ಕೆಡಿಸದೆ, ಮುಗಿದ ಮೇಲೆ ಮಕ್ಕಳ ಕೈಯಿಂದ ಕೊಡಿಸುವುದು ಚೆಂದ. ಎರಡನೆಯ ಆಟಕ್ಕೆ ಮತ್ತೆ ಬಣ್ಣ ತಿದ್ದಿಕೊಳ್ಳುವ ಅವಸರದಲ್ಲಿದ್ದರೂ ಹಾಸ್ಯ ಪಾತ್ರಧಾರಿಗಳು ಮಕ್ಕಳನ್ನು ಕಂಡರೆ ಎರಡು ಮಾತನಾಡಿಸದೆ ಕಳಿಸುವುದಿಲ್ಲ.

ಜಾತ್ರೆಯ ದಿನಗಳು ತಪ್ಪಿದರೆ

ಜಾತ್ರೆಯ ಗದ್ದಲ ಒಗ್ಗದ ಮನೆಗಳಿಗೆ ಊರಿನ ರಂಗಮಂದಿರಗಳಿವೆ. ವಿಜಯಪುರದಲ್ಲಿ ಹುನಗುಂದ ಸೀಮೆಯಲ್ಲಿ ಹುಟ್ಟಿದ ನಾಟಕಕಾರರ ಹೆಸರು ಹೊತ್ತ ಕಂದಗಲ್ಲ ಹನುಮಂತರಾಯ ರಂಗಮಂದಿರ, ಬೆಳಗಾವಿಯಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕರ ಹೆಸರಿನ ಕುಮಾರ ಗಂಧರ್ವ ರಂಗಮಂದಿರ, ಬಾಗಲಕೋಟೆಯ ನವನಗರದಲ್ಲಿ ಕಲಾಭವನ. ಇಲ್ಲಿ ಹವ್ಯಾಸಿ ತಂಡಗಳು ಆಡುವ ನಗೆನಾಟಕಗಳಿಗೆ ಕುರ್ಚಿ, ಶೌಚಾಲಯ, ಧ್ವನಿ ಯಾವುದರ ಚಿಂತೆಯೂ ಇರುವುದಿಲ್ಲ. ಸಮಯಕ್ಕೆ ಸರಿಯಾಗಿ ಶುರುವಾಗುವ ಸಂಭವವೂ ಇರುವುದರಿಂದ ತಡಮಾಡಬಾರದು. ಪ್ರದರ್ಶನಗಳ ಸುದ್ದಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮತ್ತು ಪತ್ರಿಕೆಯ ಜಿಲ್ಲಾ ಪುಟದ ‘ಇಂದಿನ ಕಾರ್ಯಕ್ರಮ’ದಲ್ಲಿ ಸಿಗುತ್ತದೆ.

ಹಾಡು ಮತ್ತು ನಗೆ ಎರಡೂ ತುಂಬಿದ್ದು, ತೀರ ಚಿಕ್ಕ ಮಕ್ಕಳಿಂದ ಹಿಡಿದು ಹಣ್ಣು ಮುದುಕರವರೆಗೆ ಯಾರನ್ನಾದರೂ ನಿಶ್ಚಿಂತೆಯಿಂದ ಕರೆದೊಯ್ಯಬಹುದಾದ ಆಟ ಬೇಕೆಂದರೆ ನನ್ನ ಆಯ್ಕೆ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ. ನಾರದ ತಂದುಕೊಟ್ಟ ಒಂದು ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟದ್ದಕ್ಕೆ ಸತ್ಯಭಾಮೆ ಮುನಿಸಿಕೊಳ್ಳುವುದಷ್ಟೇ ಕಥೆ. ಆದರೆ ಅದನ್ನು ಇಬ್ಬರು ಹೆಂಡಿರ ಗಂಡನ ಫಜೀತಿಯಾಗಿ, ಹಾಲು ಮೊಸರು ಮಾರಲು ಬರುವ ಗೊಲ್ಲತಿಯ ಚುರುಕು ಮಾತಾಗಿ, ಭಾಗವತನ ಕೀಟಲೆಯಾಗಿ ಬೆಳೆಸಿದವರು ನಮ್ಮ ಕೃಷ್ಣಾ ಘಟಪ್ರಭಾ ತೀರದ ಕಲಾವಿದರು. ಕುಲಗೋಡ ತಮ್ಮಣ್ಣನವರು ತಿದ್ದಿ ತೀಡಿದ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಮನೆಮನೆಗೆ ಮುಟ್ಟಿಸಿದ ಈ ಆಟವನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಂಡಗಳು ಈಗಲೂ ಆಡುತ್ತವೆ. ಬಯಲಾಟ ಅಕಾಡೆಮಿಯ ಕಚೇರಿ ಇರುವುದೂ ಬಾಗಲಕೋಟೆಯಲ್ಲಿಯೇ. ಊರ ಜಾತ್ರೆಯಲ್ಲಿ ಅದು ಬೆಳಗಿನವರೆಗೂ ನಡೆಯಬಹುದು, ರಂಗಮಂದಿರಗಳಲ್ಲಿ ಎರಡು ಮೂರು ಗಂಟೆಗೆ ಇಳಿಸಿದ ಪ್ರಯೋಗಗಳಿರುತ್ತವೆ. ಮಕ್ಕಳೊಂದಿಗೆ ಮೊದಲ ಸಲ ಹೋಗುವವರು ಈ ಎರಡನೆಯದನ್ನೇ ನೋಡಿ, ಗೊಲ್ಲತಿಯ ಪ್ರವೇಶ ಆರಂಭದಲ್ಲಿಯೇ ಬರುವುದರಿಂದ ಹತ್ತು ನಿಮಿಷ ಮುಂಚಿತವಾಗಿಯೇ ಹೋಗಿ ಕುಳಿತುಕೊಳ್ಳಬೇಕು.